ಚಿರತೆಯ ತವರಿನವರು

ನಮ್ಮ ಉಡಿಗಾಲದ ಚಿಕ್ಕಮಲ್ಲಪ್ಪನನ್ನು ಕೆಟ್ಟ ಮನುಷ್ಯ ಎಂದು ಯಾರೂ ಹೇಳಲಾರರು. ಊರಿಗೆ ಇದ್ದ ಒಂದೇ ಹಿಟ್ಟಿನ ಗಿರಣಿ ಅವನದು. ರಾಗಿಯನ್ನು ನುಣ್ಣಗೆ ಬೀಸಿಕೊಡುತ್ತಿದ್ದ, ಯಾರ ಡಬ್ಬದಿಂದಲೂ ಒಂದು ಹಿಡಿ ಹಿಟ್ಟು ಎತ್ತಿಟ್ಟುಕೊಂಡವನಲ್ಲ. ಅವನಲ್ಲಿದ್ದ ದೋಷ ಒಂದೇ. ಯಾರು ಏನು ಕೇಳಿದರೂ ಅವನ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಹೊರಡುತ್ತಿರಲಿಲ್ಲ. ಚಾಮರಾಜನಗರದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದ. ಆ ಹೊತ್ತಿಗೆ ಬಸ್ಸು ಬರದಿದ್ದರೆ ಅದು ಬಸ್ಸಿನ ತಪ್ಪು. ಮೇಲಾಗಿ ಗಿರಣಿಯ ಸದ್ದಿನಲ್ಲಿ ವರ್ಷಗಟ್ಟಲೆ ಕೂಗಿ ಕೂಗಿ, ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಕೂಗಿ ಹೇಳಿದ ಮಾತನ್ನು ಜನ ಬೇಗ ನಂಬುತ್ತಾರೆ. ಹೀಗಾಗಿ ಚಿಕ್ಕಮಲ್ಲಪ್ಪ ಹೇಳಿದ್ದು ನಮ್ಮೂರಿನಲ್ಲಿ ಅರ್ಧ ಸರ್ಕಾರಿ ಸುದ್ದಿ.

ಆ ವರ್ಷ ಯುಗಾದಿಯ ಹಿಂದೆಮುಂದೆ ಒಂದು ಚಿರತೆ ನಮ್ಮೂರಿನ ಕಬ್ಬಿನ ಗದ್ದೆ ಸೇರಿಕೊಂಡಿತು. ಮೊದಲು ಬೀದಿನಾಯಿಗಳು ಕಮ್ಮಿಯಾದವು. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ಆಮೇಲೆ ಪಂಚಾಯ್ತಿ ಮೆಂಬರು ಶಾಂತಮಲ್ಲಪ್ಪನ ಸಾಕುನಾಯಿ ಹೋಯಿತು. ಅದರ ಹೆಸರು ಟೈಗರ್. ಟೈಗರನ್ನು ಚಿರತೆ ತಿಂದಿತು ಎಂದು ಊರವರೆಲ್ಲ ಹೇಳಿಕೊಂಡು ತಿರುಗುವಾಗ ಶಾಂತಮಲ್ಲಪ್ಪನಿಗೆ ದುಃಖಕ್ಕಿಂತ ಅವಮಾನವೇ ಹೆಚ್ಚಾಗಿತ್ತು. ಕೊನೆಗೆ ಅದು ಚಿಕ್ಕಮಲ್ಲಪ್ಪನ ಕೊಟ್ಟಿಗೆಗೇ ನುಗ್ಗಿ, ಹಾಲು ಕುಡಿಯುವ ಕರುವನ್ನು ಎಳೆದೊಯ್ದಿತು. ಅವನ ಹೆಂಡತಿ ಪುಟ್ಟಮಲ್ಲಮ್ಮ ಕರು ಕಟ್ಟಿದ್ದ ಹಗ್ಗ ಹಿಡಿದು ಬೀದಿಯಲ್ಲಿ ನಿಂತು, ಚಿರತೆಯ ಹಿಂದಿನವರು ಮುಂದಿನವರು ಎಲ್ಲರಿಗೂ ಸೇರಿಸಿ ಶಾಪ ಹಾಕಿದಳು.

ಅರಣ್ಯದವರು ಬೋನು ತಂದಿಟ್ಟರು. ಬೋನು ಮಾಡಿದವನು ಗುಂಡ್ಲುಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಹಿದಾಯತ್ ಉಲ್ಲಾ. ಗಿರಣಿಯಲ್ಲಿ ಏನು ಮುರಿದರೂ ಅವನೇ ಬಂದು ಬೆಸೆಯುತ್ತಿದ್ದುದರಿಂದ ಚಿಕ್ಕಮಲ್ಲಪ್ಪನಿಗೆ ಹಳೆಯ ಸ್ನೇಹ. ಹಿದಾಯತ್ ಸುಳ್ಳು ಹೇಳುವುದಿಲ್ಲ ಎಂಬುದು ಎರಡು ತಾಲ್ಲೂಕಿಗೂ ಗೊತ್ತಿದ್ದ ವಿಷಯ. ಸೋಮವಾರ ಗ್ರಿಲ್ ಕೊಡುತ್ತೇನೆ ಎಂದು ಸೋಮವಾರವೇ ಕೊಡುವ ಬೇರೊಬ್ಬ ವೆಲ್ಡರನ್ನು ನಮ್ಮ ಕಡೆಯವರು ಕಂಡಿರಲಿಲ್ಲ.

ಬೋನು ಇಟ್ಟ ವಾರದೊಳಗೆ ಚಿರತೆ ಬಿತ್ತು. ಬೆಳಿಗ್ಗೆ ಊರಿಗೆ ಊರೇ ಗದ್ದೆಯ ಬದುವಿನ ಮೇಲೆ ನಿಂತಿತ್ತು. ಪುಟ್ಟಮಲ್ಲಮ್ಮ ಹಗ್ಗ ಹಿಡಿದೇ ಬಂದಳು, ಬಾಕಿ ಉಳಿದ ಶಾಪ ಹಾಕುವುದಕ್ಕೆ. ಜನರನ್ನು ತಳ್ಳಿಕೊಂಡು ಮುಂದೆ ಹೋಗಿ ನೋಡಿದರೆ, ಸರಳಿಗೆ ಮುಖ ಗುದ್ದಿ ಗುದ್ದಿ ಚಿರತೆಯ ಮೂಗೆಲ್ಲ ತರಚಿ ರಕ್ತ ಒಸರುತ್ತಿತ್ತು. ಅವಳನ್ನು ಕಂಡು ಅದು ಹಲ್ಲು ಕಿರಿದು ಗುರ್ ಎಂದಿತು.

“ಅಯ್ಯೋ, ಮೂಗ್ ತರಚ್ಕಬುಟ್ಟದಲ್ಲ,” ಎಂದಳು ಪುಟ್ಟಮಲ್ಲಮ್ಮ. ಆಮೇಲೆ ಚಿರತೆಗೇ, “ಬೈಕೊ, ಬೈಕೊ. ನಾನೂ ಬೈದಿವ್ನಿ,” ಎಂದಳು.

ದನದ ಡಾಕ್ಟರು ನೋಡಿ ಹೆಣ್ಣು ಎಂದರು. ಇಬ್ಬರು ಗಂಡುಮಕ್ಕಳನ್ನು ಹೆತ್ತು, ಮಗಳಿಗಾಗಿ ಹರಕೆ ಹೊತ್ತು ಸುಸ್ತಾಗಿದ್ದ ಪುಟ್ಟಮಲ್ಲಮ್ಮನಿಗೆ ಅಷ್ಟು ಸಾಕಾಯಿತು. ಹಗ್ಗ ಕೈಯಿಂದ ಜಾರಿತು. “ಎಣ್ಣಂತೆ. ಅಸ್ಕಂಡಿತ್ತು, ನಮ್ಮಟ್ಟಿಲಿ ಉಂಡ್ತು. ತಪ್ಪೇನ್ ಬಂತು,” ಎಂದು ಕಣ್ಣೊರೆಸಿಕೊಂಡಳು. ಲಾರಿಗೆ ಬೋನು ಏರಿಸುವಾಗ, “ಎಲ್ಲಿಗ್ ತಕ್ಕೊಂಡೋಯ್ತೀರಪ್ಪಾ?” ಎಂದು ಗಾರ್ಡನ್ನು ಕೇಳಿದಳು. “ಮೇಲಿನೋರ್ ಯೋಳ್ದ ಕಡೆಗಮ್ಮ,” ಎಂದ ಅವನು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಹೆಂಡತಿ ಕೇಳಿದ್ದಾಳೆ, ಊರು ನಿಂತಿದೆ, ಉತ್ತರ ಯಾರ ಹತ್ತಿರವೂ ಇಲ್ಲ. ಇಂಥ ಗಳಿಗೆಯಲ್ಲಿ ಚಿಕ್ಕಮಲ್ಲಪ್ಪ ಸುಮ್ಮನಿದ್ದ ಇತಿಹಾಸವಿಲ್ಲ.

“ಮೈಸೂರ್ ಜೂಗೆ ಕಣಮ್ಮಿ,” ಎಂದು ಗಿರಣಿಯ ಗಂಟಲಿನಲ್ಲಿ ಕೂಗಿದ. “ನಾನ್ ಸಾಹೇಬ್ರನ್ನ ಕೇಳ್ದೆ. ಎಲ್ಲ ರೆಡಿ ಆಗದೆ.”

ಮೈಸೂರು ಎಂದಕೂಡಲೆ ಊರಿಗೆ ಹೆಮ್ಮೆ ಬಂದುಬಿಟ್ಟಿತು. ನಿನ್ನೆಯವರೆಗೆ ‘ಆ ಮುಂಡೇದು’ ಆಗಿದ್ದದ್ದು, ಲಾರಿ ಹೊರಡುವ ಹೊತ್ತಿಗೆ ‘ನಮ್ಮೂರ ಚಿರತೆ’ಯಾಯಿತು.

ಬೋನಿನ ಬಾಗಿಲ ಚಿಲಕ ಚಿರತೆಯ ಗುದ್ದಿಗೆ ಸೊಟ್ಟಗಾಗಿದ್ದರಿಂದ, ಅದನ್ನು ಬಿಡಿಸಲು ಅರಣ್ಯದವರು ಹಿದಾಯತನನ್ನೂ ಲಾರಿಯಲ್ಲಿ ಕರೆದೊಯ್ದಿದ್ದರು. ಮಾರನೆಯ ದಿನ ಅವನು ಗಿರಣಿಗೆ ಬಂದು, ಚಿಕ್ಕಮಲ್ಲಪ್ಪನ ಕಿವಿಯ ಹತ್ತಿರ ಏನೋ ಹೇಳಿದ. ಗಿರಣಿಯ ಸದ್ದಿನಲ್ಲಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದ, ಆಗಲೂ ಕೇಳಿಸಲಿಲ್ಲ. ಚಿಕ್ಕಮಲ್ಲಪ್ಪ ಗಿರಣಿ ನಿಲ್ಲಿಸಿದ. ಹಗಲಲ್ಲಿ ಗಿರಣಿ ನಿಂತರೆ ಕರೆಂಟು ಹೋಗಿದೆ, ಇಲ್ಲವೇ ಯಾರೋ ತೀರಿಕೊಂಡಿದ್ದಾರೆ ಎಂದು ನಮ್ಮೂರಿನಲ್ಲಿ ಅರ್ಥ. ನಾನೂ ಸೇರಿದಂತೆ ಬೀದಿಯವರೆಲ್ಲ ಬಾಗಿಲಿಗೆ ಬಂದೆವು. ಹಿದಾಯತ್ ನಮ್ಮನ್ನು ನೋಡಿ, ಚಿಕ್ಕಮಲ್ಲಪ್ಪನನ್ನು ಹಿಂದಿನ ಹಿತ್ತಿಲಿಗೆ ಎಳೆದುಕೊಂಡು ಹೋದ.

ಅಲ್ಲಿ ನಡೆದ ಮಾತು ನಮಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ.

“ಮಲ್ಲಪ್ಪ, ಅದನ್ನ ಮೈಸೂರ್ಗೆ ತಕ್ಕೊಂಡೋಗ್ಲಿಲ್ಲ. ಗೋಪಾಲಸ್ವಾಮಿ ಬೆಟ್ಟದಾಚೆ ಕಾಡ್ಗೆ ಬುಟ್ರು. ನಾನೇ ಚಿಲಕ ಬಿಡಿಸ್ದೆ. ಒಂದ್ಸಲ ತಿರುಗಿ ನೋಡ್ತು, ಓಡೋಯ್ತು.”

“ಊರ್ಗೆಲ್ಲ ಜೂ ಅಂದ್ಬುಟ್ಟಿವ್ನಲ್ಲ ಹಿದಾಯತಣ್ಣ.”

“ಇಲ್ಲ ಅಂತ ಯೋಳು. ಅಷ್ಟೇ ತಾನೇ.”

“ಯೋಳುದ್ರೆ ಶಾಂತಮಲ್ಲಪ್ಪ ದೊಣ್ಣೆ ಎತ್ಕಂಡು ಫಾರೆಸ್ಟಾಫೀಸ್ಗೆ ಓಯ್ತನೆ. ಇವ್ಳು ಇನ್ನೊಂದ್ ಕರು ಓಯ್ತದೆ ಅಂತ ನಿದ್ದೆ ಬುಡ್ತಳೆ. ನೀನ್ ಸುಮ್ಕಿದ್ಬುಡು.”

ಹಿದಾಯತ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ಸುಳ್ ಯೋಳಲ್ಲ. ಕೇಳ್ದೆ ಇದ್ರೆ ನಾನಾಗಿ ಯೋಳಕ್ಕೂ ಬರಲ್ಲ. ಎಲ್ಲಿ ಅಂತ ಸೀದಾ ಯಾರೂ ಕೇಳ್ದಂಗೆ ನೋಡ್ಕೊ,” ಎಂದ.

ಹೀಗೆ ಒಬ್ಬ ಸುಳ್ಳು ಹೇಳುವವನೂ ಒಬ್ಬ ಸುಳ್ಳು ಹೇಳದವನೂ ಸೇರಿ ಒಂದು ಚಿರತೆಯನ್ನು ಮೈಸೂರಿನಲ್ಲಿ ಇಟ್ಟರು.

ಚಿಕ್ಕಮಲ್ಲಪ್ಪ ಬೆಲ್ಟು, ಬೇರಿಂಗು ತರಲೆಂದು ಆಗಾಗ ಮೈಸೂರಿಗೆ ಹೋಗುತ್ತಿದ್ದ. ಹೋಗಿ ಬಂದಾಗಲೆಲ್ಲ ಹಿಟ್ಟಿನ ಡಬ್ಬ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರು ಚಿರತೆಯ ಕ್ಷೇಮ ಕೇಳುತ್ತಿದ್ದರು. ಮೊದಲ ಸಲ, “ಚೆನ್ನಾಗದೆ,” ಎಂದ. ಎರಡನೆಯ ಸಲ ಅದಕ್ಕೆ ಮೂಗಿನ ಗಾಯ ಮಾಯಿತು. ಆಮೇಲೆ ಬೇರೆ ಕೋಣೆ ಬಂತು, ಕೋಣೆಗೆ ಫ್ಯಾನು ಬಂತು, ದಿನಾ ಬಂದು ನಾಡಿ ನೋಡುವ ಡಾಕ್ಟರು ಬಂದರು. ಬೇಸಿಗೆ ಮುಗಿಯುವ ಹೊತ್ತಿಗೆ ಅದು ನಾಲ್ಕು ಕೆ.ಜಿ. ತೂಕ ಏರಿ, ಚಿಕ್ಕಮಲ್ಲಪ್ಪನ ದನಿ ಕೇಳಿದರೆ ಕಿವಿ ನಿಮಿರಿಸುವಷ್ಟು ಸಲಿಗೆ ಬೆಳೆಸಿಕೊಂಡಿತ್ತು.

ಊರಿನಲ್ಲಿ ಎರಡು ಪಾರ್ಟಿಗಳಾದವು. ಟೀ ಅಂಗಡಿಯ ಮಂಟೇಸ್ವಾಮಿ ಜೂ ಪರ. “ಕೂತ್ಕಡೆ ಊಟ, ಮನೆ ಬಾಗ್ಲಿಗ್ ಡಾಕ್ಟ್ರು, ತಲೆ ಮ್ಯಾಲ್ ಫ್ಯಾನು. ಕಂದಾಯ ಇಲ್ಲ, ಕರೆಂಟ್ ಬಿಲ್ ಇಲ್ಲ. ನನ್ನೂ ಒಂದ್ ಬೋನಿಗ್ ಹಾಕ್ಸು ಮಲ್ಲಪ್ಪ, ನಿಂಗ್ ಪುಣ್ಯ ಬತ್ತದೆ,” ಎನ್ನುತ್ತಿದ್ದ. ಶಾಂತಮಲ್ಲಪ್ಪನೂ ಜೂ ಪರವೇ, ಆದರೆ ಅವನ ಲೆಕ್ಕ ಬೇರೆ. ಅವನಿಗೆ ಜೂ ಎಂದರೆ ಜೈಲು. ಟೈಗರನ್ನು ತಿಂದದ್ದಕ್ಕೆ ಜೀವಾವಧಿ ಆಗಿದೆ, ಫ್ಯಾನು ಗೀನು ಕೊಡುವುದು ನ್ಯಾಯವಲ್ಲ.

ಇನ್ನೊಂದು ಪಾರ್ಟಿಯಲ್ಲಿ ಇದ್ದದ್ದು ಪುಟ್ಟಮಲ್ಲಮ್ಮ ಒಬ್ಬಳೇ. ಗಂಡ ಒಂದೊಂದು ಸವಲತ್ತು ಹೆಚ್ಚಿಸಿದಂತೆಲ್ಲ ಅವಳ ಮುಖ ಇನ್ನಷ್ಟು ಇಳಿಯುತ್ತಿತ್ತು. “ಫ್ಯಾನ್ ಯಾಕಂತೆ ಅದಕ್ಕೆ? ಅದು ಗಾಳಿ ಇರೋ ಕಡೇಲಿ ಬೆಳ್ದದ್ದು,” ಎನ್ನುತ್ತಿದ್ದಳು. “ಕರು ಓಯ್ತು ಅಂತ ನಾನ್ ಬೈದೆ. ನನ್ ಬಾಯಿಂದ್ಲೇ ಅದು ಒಳೀಕ್ ಬಿತ್ತು,” ಎಂದು ಹೇಳಿಕೊಂಡು ಉಣ್ಣುವ ತಟ್ಟೆ ಸರಿಸಿಬಿಡುತ್ತಿದ್ದಳು. ಹೆಂಡತಿ ಉಣ್ಣಲೆಂದು ಚಿಕ್ಕಮಲ್ಲಪ್ಪ ಚಿರತೆಗೆ ಮತ್ತೊಂದು ಸವಲತ್ತು ಸೇರಿಸುತ್ತಿದ್ದ. ಅವಳು ಮತ್ತೊಂದು ತುತ್ತು ಕಮ್ಮಿ ಮಾಡುತ್ತಿದ್ದಳು. ನಿಜ ಹೇಳಿದ್ದರೆ ಆ ಕ್ಷಣವೇ ಅವಳು ಹೊಟ್ಟೆತುಂಬ ಉಣ್ಣುತ್ತಿದ್ದಳೆಂಬುದು ಪಕ್ಕದ ಮನೆಯ ನನಗೆ ಈಗ ತಿಳಿಯುತ್ತದೆ. ಆ ಪುಣ್ಯಾತ್ಮನಿಗೆ ಆಗ ತಿಳಿಯಲಿಲ್ಲ.

ಒಂದು ದಿನ ಹಿದಾಯತ್ ಗಿರಣಿಯ ತೊಟ್ಟಿ ಬೆಸೆಯಲು ಬಂದಿದ್ದಾಗ ಪುಟ್ಟಮಲ್ಲಮ್ಮ ಅವನಿಗೆ ಕಾಫಿ ಕೊಟ್ಟು ಎದುರಿಗೇ ಕುಳಿತಳು.

“ಹಿದಾಯತಣ್ಣ, ನೀವ್ ಕಣ್ಣಾರೆ ಕಂಡೋರು. ಜಾಗ ಎಂಗದೆ?”

ಹಿದಾಯತ್ ಕಾಫಿಯ ಲೋಟ ನೋಡಿದ. “ದೊಡ್ಡ್ ಜಾಗ ತಂಗ್ಯಮ್ಮ. ಕಣ್ಣಿಗ್ ಕಾಣೋಗಂಟ ಅದೆ.”

“ನೀರು?”

“ಕೆರೇನೇ ಅದೆ.”

“ಊಟ ಕೊಡ್ತರಾ?”

“ಅದಕ್ ಬೇಕಾದ್ದು ಅಲ್ಲದೆ. ತಾಜಾ.”

“ಅಂಗಾರೆ ನೋಡ್ಕಳಾರು ಯಾರು?”

ಹಿದಾಯತ್ ಸೂರಿನ ಕಡೆ ಕೈ ತೋರಿಸಿದ. “ಮೇಲಿರೋನು ನೋಡ್ಕತನೆ.”

“ಜೂ ಡೈರೆಕ್ಟ್ರೇ ಖುದ್ದಾಗಿ,” ಎಂದು ಚಿಕ್ಕಮಲ್ಲಪ್ಪ ಒಳಗಿನಿಂದ ಕೂಗಿದ. ಹಿದಾಯತ್ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ. ಸುಳ್ಳು ಹೇಳದೆ ಇರುವುದು ಸುಳ್ಳು ಹೇಳುವುದಕ್ಕಿಂತ ಸುಸ್ತಿನ ಕೆಲಸ ಎಂದು ಆಮೇಲೆ ಒಮ್ಮೆ ನನಗೆ ಹೇಳಿದ.

ಶ್ರಾವಣ ಕಳೆಯಿತು. ಗೌರಿ ಹಬ್ಬ ಹತ್ತಿರ ಬಂತು. ಗೌರಿ ಹಬ್ಬಕ್ಕೆ ಕೊಟ್ಟ ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ ತವರಿನವರು ಬಾಗಿನ ಕೊಟ್ಟು ಬರಬೇಕು. ಕೊಡದಿದ್ದರೆ ಅವರಿಗೆ ಹೇಳುವವರು ಕೇಳುವವರು ಇಲ್ಲ ಎಂದು ಅತ್ತೆ ಮನೆಯವರು ತಿಳಿದುಕೊಳ್ಳುತ್ತಾರೆ. ಪುಟ್ಟಮಲ್ಲಮ್ಮ ಸಂತೆಯಿಂದ ಹೊಸ ಮೊರ ತಂದಳು. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ರವಿಕೆ ಕಣ ಎಲ್ಲ ಇಟ್ಟು ಅರಿಶಿನ ಹಚ್ಚಿದಳು.

“ಯಾರ್ಗಿದು?” ಎಂದ ಚಿಕ್ಕಮಲ್ಲಪ್ಪ.

“ಮೈಸೂರಲ್ಲಿರಾ ಮಗಳ್ಗೆ. ನಾಳಿದ್ದು ಎಲ್ಲಾರೂ ಓಗನ. ಟೆಂಪೊ ಯೋಳಿವ್ನಿ.”

ಚಿಕ್ಕಮಲ್ಲಪ್ಪ ಅವತ್ತು ಜೋಳ ಬೀಸುವ ಕಲ್ಲಿಗೆ ಮೆಣಸಿನಕಾಯಿ ಸುರಿದುಬಿಟ್ಟ. ಆದರೂ ‘ಅದು ಅಲ್ಲಿಲ್ಲ’ ಎಂಬ ಎರಡು ಮಾತು ಅವನ ಬಾಯಿಂದ ಬರಲಿಲ್ಲ. ಮಳೆ ಬರುತ್ತದೆ ಎಂದ, ಜೂಗೆ ಸುಣ್ಣ ಬಳಿಯುತ್ತಿದ್ದಾರೆ ಎಂದ, ಚಿರತೆಗೆ ನೆಗಡಿ ಎಂದ. ನೆಗಡಿ ಎಂದದ್ದೇ ತಪ್ಪಾಯಿತು. ಪುಟ್ಟಮಲ್ಲಮ್ಮ ಶುಂಠಿ ಬೆಲ್ಲವನ್ನೂ ಕಟ್ಟಿಕೊಂಡಳು.

ಟೆಂಪೊ ಹೊರಟಾಗ ಅದರಲ್ಲಿ ಬೀದಿಯ ಹೆಂಗಸರು, ಅಂಗಡಿ ಮುಚ್ಚಿ ಬಂದ ಮಂಟೇಸ್ವಾಮಿ, ಅಪರಾಧಿಯನ್ನು ಕಂಬಿಯ ಹಿಂದೆ ಕಣ್ಣಾರೆ ನೋಡಲು ಬಂದ ಶಾಂತಮಲ್ಲಪ್ಪ, ನಾನು, ಮತ್ತು ತಾನು ಬರುವುದಿಲ್ಲವೆಂದು ಎಷ್ಟು ಹೇಳಿದರೂ ಪುಟ್ಟಮಲ್ಲಮ್ಮ ಬಿಡದೆ ಕರೆಸಿದ್ದ ಹಿದಾಯತ್. ಅವನ ಕೈಯಲ್ಲೊಂದು ಟಿಫಿನ್ ಕ್ಯಾರಿಯರ್. ಪುಟ್ಟಮಲ್ಲಮ್ಮನ ಮನೆಯಲ್ಲಿ ಮಾಂಸ ಬೇಯಿಸುವ ಹಾಗಿರಲಿಲ್ಲ. ಮಗಳ ಮನೆಗೆ ಅವಳಿಗೆ ಸೇರುವ ಒಂದು ತಿಂಡಿ ಇಲ್ಲದೆ ಹೋಗುವ ಹಾಗೂ ಇರಲಿಲ್ಲ. ಅದಕ್ಕೇ ಹಿದಾಯತನ ಹೆಂಡತಿ ಕರೀಮುನ್ನೀಸಾಗೆ ಹೇಳಿಕಳುಹಿಸಿದ್ದಳು, ಖಾರ ಮಸಾಲೆ ಏನೂ ಬೇಡ ಎಂದು.

“ನಮ್ಮನೆಯೋರ್ಗೆ ಒಂದೇ ಯೋಚ್ನೆ,” ಎಂದ ಹಿದಾಯತ್ ಪೆಚ್ಚಾಗಿ. “ದಾರೀಲಿ ಯಾರಾರ ರುಚಿ ನೋಡ್ಬುಟ್ರೆ, ಕರೀಮುನ್ನೀಸಾ ಅಡ್ಗೆ ಇಂಗೇ ಸಪ್ಪೆ ಅನ್ಕತರೆ ಅಂತ.”

ಟೆಂಪೊದವರೆಲ್ಲ ತಮ್ಮಿಂದ ಆ ಅಪಾಯವಿಲ್ಲವೆಂದು ಅವನಿಗೆ ಭರವಸೆ ಕೊಟ್ಟರು.

ಜೂ ಗೇಟಿನಲ್ಲಿ ಕ್ಯಾರಿಯರನ್ನು ಇಟ್ಟುಕೊಂಡರು. ಮೊರವನ್ನೂ ತಡೆದರು. “ಒಳಗೆ ತಿಂಡಿ ತಗೊಂಡು ಹೋಗಂಗಿಲ್ಲಮ್ಮ,” ಎಂದ ಕಾವಲಿನವನು.

“ತಿಂಡಿ ಅಲ್ಲ ಕಣಪ್ಪ, ಬಾಗ್ನ. ಎಣ್ಣಿನ ಕಡೇರು ನಾವು,” ಎಂದಳು ಪುಟ್ಟಮಲ್ಲಮ್ಮ.

ಒಳಗೆ ಕೆಲಸಕ್ಕಿರುವ ಯಾರದೋ ಹೆಂಡತಿಯ ತವರಿನವರು ಎಂದು ತಿಳಿದನೋ ಏನೋ, ಅವನು ನಮಸ್ಕಾರ ಮಾಡಿ ಬಿಟ್ಟುಬಿಟ್ಟ.

ಚಿಕ್ಕಮಲ್ಲಪ್ಪನ ಯೋಜನೆ ಸರಳವಾಗಿತ್ತು. ಚಿರತೆಯನ್ನು ಬಿಟ್ಟು ಉಳಿದ ಎಲ್ಲವನ್ನೂ ತೋರಿಸುವುದು. ಅಷ್ಟರಲ್ಲಿ ಕಾಲು ನೋಯಬೇಕು, ಮಳೆ ಬರಬೇಕು, ಇಲ್ಲವೇ ಸಂಜೆಯಾಗಬೇಕು. ಜಿರಾಫೆಯ ಮುಂದೆ ಅವನು ಜಿರಾಫೆಯ ಬಗ್ಗೆ ಮಾಡಿದ ಭಾಷಣ ಕೇಳಲು ಬೇರೆ ಊರಿನವರೂ ನಿಂತರು. ಗಿಳಿಗಳನ್ನು ಒಂದೊಂದಾಗಿ ತೋರಿಸಿದ. ಆನೆಯ ಹತ್ತಿರ ಮಾತ್ರ ಅವನಿಗೆ ಸೋಲಾಯಿತು. “ಇದನ್ನ ನೋಡಕ್ ಟಿಕೆಟ್ ತಕ್ಕಬೇಕಾ? ವಾರಕ್ಕೊಂದ್ಸಲ ನಮ್ಮ ಬಾಳೆ ತ್ವಾಟಕ್ಕೇ ಬತ್ತವೆ,” ಎಂದು ಶಾಂತಮಲ್ಲಪ್ಪ ಮುಂದೆ ನಡೆದುಬಿಟ್ಟ.

ಹೆಂಗಸರು ಹೋದಲ್ಲೆಲ್ಲ ಹೆಣ್ಣು ಕೊಟ್ಟ ಮನೆ ನೋಡುವ ಕಣ್ಣಿನಲ್ಲೇ ನೋಡುತ್ತಿದ್ದರು. ನೆರಳು ಚೆನ್ನಾಗಿದೆ, ಗುಡಿಸುತ್ತಾರೆ, ನೀರಿನ ತೊಟ್ಟಿ ಪಾಚಿ ಕಟ್ಟಿಲ್ಲ. ಮಂಟೇಸ್ವಾಮಿಗೆ ಕಂಡದ್ದೆಲ್ಲ ವೈಭೋಗ. ಸಿಂಹ ಬೆಳಗಿನ ಹೊತ್ತಿನಲ್ಲೇ ಮಲಗಿ ನಿದ್ದೆ ಹೊಡೆಯುವುದನ್ನು ನೋಡಿ ಅವನು ಕೈಮುಗಿದ. ಆಮೇಲೆ ಒಂದು ಕರಡಿಯ ಮುಂದೆ ನಿಂತ. ಅದು ಮೂಲೆಯಿಂದ ಮೂಲೆಗೆ ಹೋಗುತ್ತಿತ್ತು, ತಿರುಗುತ್ತಿತ್ತು, ಬರುತ್ತಿತ್ತು. ಅದು ನಡೆದಲ್ಲಿ ಹುಲ್ಲು ಸತ್ತು ನೆಲ ಸವೆದಿತ್ತು. ಮಂಟೇಸ್ವಾಮಿ ಬಹಳ ಹೊತ್ತು ನೋಡಿದ. “ಏನೋ ಕಳ್ಕಂಡಂಗದೆ ಕಣ್ಲಾ ಇದು,” ಎಂದು ನನಗೆ ಹೇಳಿದ. ಅಲ್ಲಿಂದ ಮುಂದೆ ಅವನು ಕರೆಂಟ್ ಬಿಲ್ಲಿನ ಮಾತೆತ್ತಲಿಲ್ಲ.

ಅಷ್ಟರಲ್ಲಿ ಹೆಂಗಸರು ಯಾರನ್ನೋ ಕೇಳಿ ಚಿರತೆಯ ಜಾಗ ಕಂಡುಹಿಡಿದುಬಿಟ್ಟಿದ್ದರು. ಚಿಕ್ಕಮಲ್ಲಪ್ಪ ಓಡಿಬಂದಾಗ ಪುಟ್ಟಮಲ್ಲಮ್ಮ ಬೇಲಿಯ ಮುಂದೆ ಮೊರ ಹಿಡಿದು ನಿಂತಾಗಿತ್ತು. ಒಳಗೆ ಮರದ ದಿಮ್ಮಿಯ ಮೇಲೆ ಒಂದು ಚಿರತೆ ಮಲಗಿತ್ತು. ಈಗ ಉಳಿದಿದ್ದದ್ದು ಒಂದೇ ದಾರಿ.

“ಅಗೋ, ನಮ್ದೇ,” ಎಂದ ಚಿಕ್ಕಮಲ್ಲಪ್ಪ. “ನೋಡು, ನನ್ ಗುರ್ತು ಸಿಕ್ತು ಅದಕ್ಕೆ.”

ಚಿರತೆ ಬೇರೆ ಕಡೆ ನೋಡಿ ಆಕಳಿಸಿತು.

ಪುಟ್ಟಮಲ್ಲಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಬೇಲಿಯ ಉದ್ದಕ್ಕೂ ನಡೆದು ಆ ಕಡೆಯಿಂದ ನೋಡಿದಳು. ಅದಕ್ಕೆ ಜನ ಎಂದರೆ ಸಿಟ್ಟೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. “ಇದು ನಮ್ದಲ್ಲ,” ಎಂದಳು. “ನಮ್ದು ನನ್ ಮಖ ಕಂಡು ಅಲ್ ಕಡೀತಿತ್ತು. ಇದಕ್ಕೆ ನಾವ್ ನಿಂತಿದ್ರೂ ಒಂದೇ, ಓದ್ರೂ ಒಂದೇ.”

“ಪಳಗದೆ ಕಣಮ್ಮಿ.”

ಹತ್ತಿರದಲ್ಲೇ ಬಕೆಟ್ ತೊಳೆಯುತ್ತಿದ್ದ ಚಿರತೆ ನೋಡಿಕೊಳ್ಳುವವನನ್ನು ಶಾಂತಮಲ್ಲಪ್ಪ ಕರೆದ. ರಘುನಾಥ ಎಂದು ಅವನ ಹೆಸರು. “ಇದೇನಯ್ಯ, ಉಡಿಗಾಲದಿಂದ ಬಂದದ್ದು?”

“ಉಡಿಗಾಲಾನಾ? ಇದು ಇಲ್ಲೇ ಹುಟ್ಟಿದ್ದು. ಆ ಕಡೆಯಿಂದ ಈ ವರ್ಷ ಯಾವ ಚಿರತೇನೂ ಬಂದಿಲ್ಲ ನಮಗೆ.”

“ಬಂದಿಲ್ಲ ಅಂದ್ರೇನು? ಫ್ಯಾನ್ ಹಾಕೀರಲ್ಲ.”

“ಚಿರತೆಗೆ ಯಾರು ಸ್ವಾಮಿ ಫ್ಯಾನ್ ಹಾಕ್ತಾರೆ?”

ಶಾಂತಮಲ್ಲಪ್ಪ ಪಂಚಾಯ್ತಿ ದನಿ ತೆಗೆದ. ನಮ್ಮ ಚಿರತೆಯನ್ನು ಏನು ಮಾಡಿದಿರಿ, ಯಾರಿಗೆ ಕೊಟ್ಟಿರಿ, ಇವತ್ತು ಅದನ್ನು ಎದುರಿಗೆ ನಿಲ್ಲಿಸದೆ ನಾವು ಕದಲುವುದಿಲ್ಲ ಎಂದ. ಹೆಂಗಸರು ಮೊರದ ಸುತ್ತ ನೆಲದ ಮೇಲೆ ಕುಳಿತೇಬಿಟ್ಟರು. ಶಾಲೆ ಮಕ್ಕಳ ಒಂದು ಸಾಲು ಚಿರತೆಯನ್ನು ಬಿಟ್ಟು ನಮ್ಮನ್ನು ನೋಡತೊಡಗಿತು. ಒಬ್ಬ ಆಫೀಸರು ಬಂದರು. ಎಲ್ಲ ಕೇಳಿಕೊಂಡು, “ನಿಮ್ಮ ಚಿರತೆ ಇಲ್ಲಿದೆ ಅಂತ ನಿಮಗೆ ಹೇಳಿದವರು ಯಾರು?” ಎಂದರು.

ಟೆಂಪೊದ ಅಷ್ಟೂ ಜನ ಚಿಕ್ಕಮಲ್ಲಪ್ಪನ ಕಡೆ ತಿರುಗಿದರು. ಅವನು ಚಿರತೆಯ ಕಡೆ ತಿರುಗಿದ. ಅದೂ ಅವನ ಕೈ ಬಿಟ್ಟು ಕಣ್ಣು ಮುಚ್ಚಿತು.

ಪುಟ್ಟಮಲ್ಲಮ್ಮ ಗಂಡನನ್ನು ಏನೂ ಕೇಳಲಿಲ್ಲ. ಎದ್ದು ಹಿದಾಯತನ ಎದುರಿಗೆ ಹೋದಳು. “ಹಿದಾಯತಣ್ಣ, ನೀವ್ ಸುಳ್ ಯೋಳಲ್ಲ. ಅದನ್ನ ಎಲ್ಲಿಗ್ ತಕ್ಕೊಂಡೋದ್ರಿ?”

ಸೀದಾ ಕೇಳಿಬಿಟ್ಟಳು. ಹಿದಾಯತ್ ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡ. ತಿಂಗಳುಗಟ್ಟಲೆ ಹೊತ್ತ ಮೂಟೆ ಇಳಿಸುವವನ ನೆಮ್ಮದಿ ಅವನ ಮುಖದಲ್ಲಿತ್ತು.

“ಗೋಪಾಲಸ್ವಾಮಿ ಬೆಟ್ಟದಾಚೆ ಕಾಡ್ಗೆ ತಂಗ್ಯಮ್ಮ. ಚಿಲಕ ನಾನೇ ತೆಗ್ದೆ. ನಾನ್ ಯೋಳ್ದ ಜಾಗ ಅದೇಯಾ. ಕೆರೆ ಅಲ್ಲಿ ಅದೆ.”

ಮೊದಲು ಮಂಟೇಸ್ವಾಮಿಗೆ ಬೆವರು ಕಿತ್ತುಕೊಂಡಿತು. ಚಿರತೆ ಜೈಲಿನಲ್ಲಿದೆ ಎಂಬ ಧೈರ್ಯದಲ್ಲಿ ಬೇಸಿಗೆಯಿಡೀ ಅವನು ಟೀ ಅಂಗಡಿಯ ಹೊರಗಿನ ಬೆಂಚಿನ ಮೇಲೆ ಮಲಗಿದ್ದ. ಆಗ ಪಡಬೇಕಾಗಿದ್ದ ಹೆದರಿಕೆಯನ್ನೆಲ್ಲ ಅವನು ಅಲ್ಲೇ ನಿಂತು ಒಟ್ಟಿಗೆ ಪಟ್ಟ. ಶಾಂತಮಲ್ಲಪ್ಪ ಆಫೀಸರನ್ನು ಬಿಟ್ಟು ಚಿಕ್ಕಮಲ್ಲಪ್ಪನ ಮೇಲೆ ತಿರುಗಿದ. “ಊರ್ಗೇ ಮಕ್ಮಲ್ ಟೋಪಿ ಹಾಕ್ಬುಟ್ಟಲ್ಲೋ. ನನ್ ಟೈಗರ್ನ ತಿಂದದ್ದು ಆರಾಮಾಗಿ ಕಾಡಲ್ ಓಡಾಡ್ಕಂಡದೆ, ನಾನಿಲ್ಲಿ ಅದರ ಜೈಲ್ ನೋಡಕ್ ಬಂದಿವ್ನಿ. ಇನ್ನು ನಿನ್ ಗಿರಣಿಗೆ ರಾಗಿ ಕಳ್ಸಿದ್ರೆ ಕೇಳು.”

ಚಿಕ್ಕಮಲ್ಲಪ್ಪನಿಗೆ ಶಾಂತಮಲ್ಲಪ್ಪನ ರಾಗಿಯ ಯೋಚನೆ ಇರಲಿಲ್ಲ. ಅವನು ಹೆಂಡತಿಯನ್ನೇ ನೋಡುತ್ತಿದ್ದ. ಅವಳು ನಗುತ್ತಿದ್ದಳು. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. “ಕಾಡ್ಗೇ ಬುಟ್ರಾ? ಓಡ್ತಾ? ತಿರುಗಿ ನೋಡ್ತಾ?” ಎಂದು ಹಿದಾಯತನನ್ನು ಮತ್ತೆ ಮತ್ತೆ ಕೇಳಿದಳು. ಅವನು ಪ್ರತಿ ಸಲವೂ ಹೌದು ಎಂದ. ಇಷ್ಟು ದಿನಕ್ಕೆ ಅವನು ಬಾಯಿತುಂಬ ಮಾತಾಡಿದ.

ಆಮೇಲೆ ಅವಳು ಗಂಡನ ಹತ್ತಿರ ಬಂದಳು.

“ನಿಮಗ್ ಗೊತ್ತಿತ್ತಾ?”

“ಗೊತ್ತಿತ್ತು.”

“ಯಾವಾಗ್ನಿಂದ?”

“ಮಾರ್ನೇ ದಿನ್ದಿಂದ.”

“ಅದು ಬಂದಿಖಾನೇಲಿ ಬಿದ್ದದೆ ಅಂತ ನಾನ್ ಅನ್ನ ಬುಟ್ಟು ಕೂತಿದ್ರೆ, ನೋಡ್ಕಂಡಿದ್ರಲ್ಲ.”

“ನೀನ್ ಉಣ್ಲಿ ಅಂತ್ಲೇ ಯೋಳ್ತಿದ್ದೆ ಪುಟ್ಟಿ,” ಎಂದ ಚಿಕ್ಕಮಲ್ಲಪ್ಪ. ಅವನು ಅಷ್ಟು ಮೆಲ್ಲಗೆ ಮಾತಾಡಬಲ್ಲನೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

“ಉಣ್ಣಕ್ಕೆ ನಿಜ ಸಾಕಾಗಿತ್ತು. ಇನ್ ನೀವ್ ಸೂರ್ಯ ಉಟ್ಟವ್ನೆ ಅಂದ್ರೂ ನಾನ್ ಆಚೆ ಓಗಿ ನೋಡ್ಕಂಡೇ ಬರಾದು,” ಎಂದು ಅವಳು ಮೊರ ಎತ್ತಿಕೊಂಡಳು.

ನಾವೆಲ್ಲ ಹೊರಡಲು ಎದ್ದೆವು. ಆಫೀಸರಿಗೂ ನಿರಾಳವಾಯಿತು. ಪುಟ್ಟಮಲ್ಲಮ್ಮ ಮಾತ್ರ ಹೊರಡಲಿಲ್ಲ. ಹೆಣ್ಣುಮಗಳಿಗೆಂದು ತಂದ ಬಾಗಿನವನ್ನು ಯಾರೂ ವಾಪಸ್ ಒಯ್ಯುವುದಿಲ್ಲ. ಕಾಡಿನಲ್ಲಿರುವ ಮಗಳಿಗೆ ಅದನ್ನು ಕೊಡುವುದೂ ಆಗದ ಮಾತು. ಅವಳು ದಿಮ್ಮಿಯ ಮೇಲಿನ ಚಿರತೆಯನ್ನು ನೋಡುತ್ತ ರಘುನಾಥನನ್ನು ಕೇಳಿದಳು.

“ಇದೂ ಎಣ್ಣಾ?”

“ಹೌದಮ್ಮ.”

“ಇಲ್ಲೇ ಉಟ್ಟದ್ದು ಅಂದ್ಯಲ್ಲ. ಅವ್ವ?”

“ಅದು ಸತ್ತು ಮೂರು ವರ್ಷ ಆಯ್ತು.”

“ಇದನ್ನೂ ಕಾಡ್ಗೆ ಬುಟ್ಬುಡಿ. ಆಗಲ್ವಾ?”

ಬೇರೆ ಯಾರಾದರೂ ಕೇಳಿದ್ದರೆ ರಘುನಾಥ ನಗುತ್ತಿದ್ದನೋ ಏನೋ. “ಬಿಟ್ರೆ ಬದುಕಲ್ಲಮ್ಮ. ಬೇಟೆ ಆಡೋದು ಗೊತ್ತಿಲ್ಲ. ಜನರನ್ನ ಕಂಡ್ರೆ ಓಡಬೇಕು ಅನ್ನೋದೂ ಗೊತ್ತಿಲ್ಲ. ಇದಕ್ಕೆ ಇದೇ ಊರು,” ಎಂದ. “ನಾನು ಚೆನ್ನಾಗೇ ನೋಡ್ಕೋತೀನಿ,” ಎಂದೂ ಸೇರಿಸಿದ. ಬೀಗರು ಬಂದಾಗ ಗಂಡಿನ ಕಡೆಯವರು ಹೇಳುವ ದನಿಯಲ್ಲೇ ಹೇಳಿದ.

“ನೋಡ್ಕತಿಯ, ಕಾಣ್ತದೆ. ಮೈ ನುಣ್ಣಗದೆ,” ಎಂದಳು ಪುಟ್ಟಮಲ್ಲಮ್ಮ. “ಆದ್ರೂ ಇದಕ್ಕೆ ತವ್ರು ಅಂತ ಯಾರವ್ರೆ ಯೋಳು. ದಿನಾ ಇಷ್ಟ್ ಜನ ಬತ್ತರೆ. ಇದನ್ನೇ ನೋಡನ ಅಂತ ಬಂದೋರು ಒಬ್ರಾರ ಅವ್ರಾ?”

ರಘುನಾಥ ತೊಳೆದ ಬಕೆಟನ್ನು ಬೋರಲು ಹಾಕಿದ.

“ನಮ್ದಕ್ಕೆ ಕಾಡದೆ. ಅದಕ್ಕೆ ನಾವ್ ಬ್ಯಾಡ. ಒಡ್ಡು ಟವಲ್ನ.”

ಅವನು ಹೆಗಲ ಮೇಲಿದ್ದ ಟವಲ್ ತೆಗೆದು ಎರಡೂ ಕೈಯಲ್ಲಿ ಒಡ್ಡಿದ. ಅವಳು ಮೊರದಲ್ಲಿದ್ದದ್ದನ್ನೆಲ್ಲ, ಬಳೆ ರವಿಕೆ ಕಣ ಸಮೇತ, ಶುಂಠಿ ಬೆಲ್ಲವನ್ನೂ ಬಿಡದೆ ಅದರಲ್ಲಿ ಸುರಿದಳು. “ಇದರ ಪರವಾಗಿ ನಿನ್ ಎಂಡ್ತಿ ಬಳೆ ತೊಟ್ಕಳ್ಳಿ. ಮುಂದಿನ್ ಗೌರಿಗೂ ಬತ್ತೀವಿ ಅಂತ ಮಗೀಗ್ ಯೋಳು,” ಎಂದಳು. ಶಾಲೆ ಮಕ್ಕಳು ಚಪ್ಪಾಳೆ ತಟ್ಟಿದವು. ಆಫೀಸರು ಬೇರೆಲ್ಲೋ ಕೆಲಸವಿದೆ ಎನ್ನುವಂತೆ ನಡೆದುಹೋದರು.

ಊರಿಗೆ ಬಂದ ಮೇಲೆ ಶಾಂತಮಲ್ಲಪ್ಪ ಒಂದು ತಿಂಗಳು ಚಾಮರಾಜನಗರದಲ್ಲಿ ರಾಗಿ ಬೀಸಿಸಿಕೊಂಡು ಬಂದ. ಬಸ್ಸಿನಲ್ಲಿ ಮೂಟೆ ಹೊತ್ತು ಸೊಂಟ ಹಿಡಿದ ಮೇಲೆ ಕ್ಷಮಿಸಿದ. ಪುಟ್ಟಮಲ್ಲಮ್ಮ ಅಷ್ಟು ಬೇಗ ಕ್ಷಮಿಸಲಿಲ್ಲ. ಹೊಟ್ಟೆತುಂಬ ಉಂಡಳು, ಗಂಡನಿಗೂ ಬಡಿಸಿದಳು. ಆದರೆ ಅವನು ಮೈಸೂರಿಗೆ ಹೋಗಿ ಬಂದರೆ ಒಂದು ಮಾತೂ ಕೇಳುತ್ತಿರಲಿಲ್ಲ. ಕೇಳದೆ ಇದ್ದದ್ದು ಅವನನ್ನು ತಿಂದುಹಾಕಿತು.

ಮುಂದಿನ ಗೌರಿಗೆ ಪುಟ್ಟಮಲ್ಲಮ್ಮನಿಗೆ ಚಿಕೂನ್‌ಗುನ್ಯ. ಊರಲ್ಲಿ ಅರ್ಧ ಜನ ಕೀಲು ಹಿಡಿದು ಮಲಗಿದ್ದರು. ಮೊರ ಕಟ್ಟಿದವನು ಚಿಕ್ಕಮಲ್ಲಪ್ಪ. ಒಬ್ಬನೇ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋದ. ಕಂಡಕ್ಟರು ಯಾರ ಮನೆಗೆ ಎಂದು ಕೇಳಿದ್ದಕ್ಕೆ ಮಗಳ ಮನೆಗೆ ಎಂದನಂತೆ. ಸಂಜೆ ಅವನು ಬಂದಾಗ ನಾನು ಅವರ ಜಗುಲಿಯಲ್ಲೇ ಇದ್ದೆ. ಪುಟ್ಟಮಲ್ಲಮ್ಮ ಚಾಪೆಯ ಮೇಲೆ ಎದ್ದು ಕುಳಿತಳು. ವರ್ಷದ ಮೇಲೆ ಮೊದಲ ಸಲ ಅವನನ್ನು ಕೇಳಿದಳು.

“ಎಂಗದೆ?”

ಚಿಕ್ಕಮಲ್ಲಪ್ಪ ಬಾಯಿ ತೆಗೆದು ಮುಚ್ಚಿದ. ಇಂಥಲ್ಲಿ ಒಂದು ಸಂಪಿಗೆ ಮರವನ್ನೋ ಒಂದು ಗೆಳತಿ ಚಿರತೆಯನ್ನೋ ಕೊಟ್ಟುಬಿಡುವುದು ಅವನಿಗೆ ಎಷ್ಟು ಹೊತ್ತಿನ ಕೆಲಸ.

“ಮೈ ಕೈ ಚೆನ್ನಾಗದೆ,” ಎಂದ. “ರಘುನಾಥ ಚೆನ್ನಾಗಿ ನೋಡ್ಕತವ್ನೆ. ಆದ್ರೆ ಈಗ ಅದೂ ಆ ಕರಡಿಯಂಗೆ ನಡೀತದೆ ಪುಟ್ಟಿ. ಬೇಲಿ ಪಕ್ದಲ್ಲಿ, ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ. ನಾನಿದ್ದಷ್ಟೊತ್ತೂ ನಡೀತಾನೇ ಇತ್ತು.”

ಪುಟ್ಟಮಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನೂ ಅತ್ತ. ಆಮೇಲೆ ಅವಳು ನೋಯುವ ಕಾಲನ್ನು ಮೆಲ್ಲಗೆ ಮಡಚಿಕೊಂಡು, ಚಾಪೆಯ ಮೇಲೆ ಅವನಿಗೆ ಕುಳಿತುಕೊಳ್ಳಲು ಜಾಗ ಮಾಡಿಕೊಟ್ಟಳು.